ಕೆಂಪು ಕಾವಿನ ಉಕ್ಕು

ಇತಿಹಾಸದ ಎಳೆ ಹಿಡಿದ ಕಲ್ಪನಾಕಥೆಗಳಲ್ಲಿ ನಾಯಕನ ಕತ್ತಿ ಸಾಮಾನ್ಯವಾಗಿ ಹೆಸರೇ ಇಲ್ಲದ ಲೋಹದ್ದು. ಬಂಡೆ ಸೀಳುತ್ತದೆ, ತುಕ್ಕು ಹಿಡಿಯುವುದಿಲ್ಲ. ಎರಡನೇ ಪುಟಕ್ಕೇ ಅದು ನನಗೆ ಸಪ್ಪೆ. ನಮ್ಮ ದಕ್ಷಿಣದ ಮೂಸೆಯ ಉಕ್ಕು ಇರುವಾಗ ಮಾಯಾಲೋಹದ ಹಂಗೇಕೆ?

ಬತ್ತದ ಹೊಟ್ಟು ಬೆರೆಸಿ ಮಿದ್ದ ಮಣ್ಣಿನ ಪುಟ್ಟ ಮೂಸೆ. ಒಳಗೆ ಮೆದು ಕಬ್ಬಿಣದ ತುಂಡು, ತಂಗಡಿ ಗಿಡದ ಚಕ್ಕೆ, ಒಂದಿಷ್ಟು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಕುಲುಮೆಗಿಟ್ಟು ತಿದಿ ಒತ್ತುತ್ತ ಹೋದರೆ ಚಕ್ಕೆ, ಎಲೆ ಎಲ್ಲ ಇದ್ದಿಲಾಗುತ್ತವೆ. ಅವುಗಳ ಇಂಗಾಲವನ್ನು ಕಬ್ಬಿಣ ಹೀರಿಕೊಂಡು ಕರಗುತ್ತದೆ. 1800ರಲ್ಲಿ ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳ ಬಗ್ಗೆ ವಿವರವಾಗಿ ಬರೆದಿದ್ದಾನೆ. ಆರಿದ ಮೂಸೆ ಒಡೆದರೆ ಸಿಗುವುದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಉಕ್ಕಿನ ಗಟ್ಟಿ. ಇಂಥವು ಪರ್ಷಿಯಾದ ಕಮ್ಮಾರರವರೆಗೂ ಹೋಗುತ್ತಿದ್ದವು.

ಇದರಲ್ಲಿ ಇಂಗಾಲ ಸುಮಾರು ಶೇ. 1.5. ಮತ್ತೆ ಮತ್ತೆ ಕಾಸಿ ಬಡಿಯುವಾಗ ಗಡುಸಾದ ಕಾರ್ಬೈಡ್ ಕಣಗಳು ಸಾಲುಗಟ್ಟುತ್ತವೆ. ಅಲಗನ್ನು ನುಣ್ಣಗೆ ಉಜ್ಜಿ ಆಮ್ಲ ಸವರಿದರೆ ಸುತ್ತಲಿನ ಉಕ್ಕು ಕಪ್ಪಿಟ್ಟು ಆ ಸಾಲುಗಳು ಬೆಳ್ಳಗೆ ಏಳುತ್ತವೆ, ಕೆರೆಯ ನೀರಿನ ಮೇಲೆ ಗಾಳಿ ಎಬ್ಬಿಸಿದ ಸುಕ್ಕಿನ ಹಾಗೆ. ಓರೆ ಬೆಳಕಿನಲ್ಲಿ ನೋಡಬೇಕು. ಆದರೆ ಕಮ್ಮಾರ ಅವಸರಪಟ್ಟು ಬಿಳಿ ಕಾವಿನಲ್ಲಿ ಬಡಿದನೋ, ಚಿತ್ತಾರ ಹೋಯಿತು, ಗಟ್ಟಿಯೂ ಚೂರಾದೀತು. ಕೆಂಪು ಕಾವಿನಲ್ಲೇ ತಾಳ್ಮೆಯಿಂದ ಎಳೆಯಬೇಕು. ಕಾದಂಬರಿಯ ಒಂದು ಅಧ್ಯಾಯಕ್ಕೆ ಇಷ್ಟು ಸಾಕಲ್ಲವೇ: ಪರದೇಶದ ಕಮ್ಮಾರನೊಬ್ಬ ದುಬಾರಿ ಗಟ್ಟಿ ಕೊಂಡು ತನ್ನ ರೂಢಿಯಂತೆ ಬಡಿದು ಕೆಡಿಸುವುದು! ಸ್ವತಃ ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆಯೇ 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಾ, ಸಿಲಿಕಾ ಕಾರಣವೆಂದು ದಾರಿ ತಪ್ಪಿದ್ದ.

ಕಥೆಯ ಕಾಲ ಇನ್ನೂ ಹಿಂದಿನದಾದರೆ ಕಂಚು ಇದೆ. ಸವೆದು ಮುರಿದರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು.

ಇಲ್ಲ, ಆಕಾಶದಿಂದ ಬಿದ್ದ ಲೋಹವೇ ಬೇಕೆನ್ನುವವರಿಗೆ ಜಹಾಂಗೀರನಿದ್ದಾನೆ. 1621ರಲ್ಲಿ ಜಲಂಧರದ ಬಳಿ ಬಿದ್ದ ಉಲ್ಕೆಯಿಂದ ಆಯುಧ ಮಾಡಲು ಅಪ್ಪಣೆ ಕೊಟ್ಟ. ಆ ಕಬ್ಬಿಣ ಸುತ್ತಿಗೆಗೆ ತಾಳದೆ ಪುಡಿಯಾಯಿತು! ಮೂರು ಪಾಲು ಉಲ್ಕೆಗೆ ಒಂದು ಪಾಲು ಮಾಮೂಲಿ ಕಬ್ಬಿಣ ಬೆರೆಸಿದ ಮೇಲಷ್ಟೇ ಎರಡು ಕತ್ತಿ, ಒಂದು ಕಠಾರಿ, ಒಂದು ಚಾಕು ತಯಾರಾದವು. ಚಕ್ರವರ್ತಿ ಇದನ್ನು ಮುಚ್ಚಿಡದೆ ತನ್ನ ದಿನಚರಿಯಲ್ಲೇ ಬರೆದಿಟ್ಟ. ಚಾಕು ಈಗ ವಾಷಿಂಗ್ಟನ್ನಿನ ಫ್ರೀರ್ ಸಂಗ್ರಹದಲ್ಲಿದೆ.