ಜಿಗಿತವನ್ನು ಸವಿಯುವ ಬಗೆ: ಪ್ಲಾಟ್‌ಫಾರ್ಮರ್ ರಸಿಕರಿಗೊಂದು ಕೈಪಿಡಿ

ವಿಡಿಯೊ ಗೇಮ್ ಎಂದೊಡನೆ ಹುಬ್ಬಳ್ಳಿ-ಧಾರವಾಡದ ಹಿರಿಯರ ಮನಸ್ಸಿಗೆ ಬರುವುದು ಒಂದೋ ಹುಡುಗರು ಮೊಬೈಲಿನಲ್ಲಿ ಆಡುವ ಗುಂಡಿನ ಕಾಳಗ, ಇಲ್ಲವೇ ಹಣ ಕಟ್ಟಿ ಆಡುವ ರಮ್ಮಿ. ಹಣದಾಟವನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಗುಂಡಿನ ಕಾಳಗದ ಚರ್ಚೆ ಬೇರೆಯೇ ಆದುದು. ಈ ಬರಹ ಎರಡಕ್ಕೂ ಸೇರದ ಪ್ಲಾಟ್‌ಫಾರ್ಮರ್ ಎಂಬ ಪ್ರಕಾರವನ್ನು ಕುರಿತದ್ದು. ಪರದೆಯ ಮೇಲಿನ ಪಾತ್ರವೊಂದನ್ನು ಓಡಿಸಿ, ಜಿಗಿಸಿ, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ದಾಟಿಸುವುದೇ ಮುಖ್ಯ ಕೆಲಸವಾಗಿರುವ ಆಟಗಳಿಗೆ ಈ ಹೆಸರಿದೆ. ದೊಡ್ಡ ಕಂಪನಿಗಳ ಬಂಡವಾಳ ಮತ್ತು ಅಪ್ಪಣೆಯ ಹಂಗಿಲ್ಲದೆ ಒಬ್ಬಿಬ್ಬರೋ ಸಣ್ಣದೊಂದು ತಂಡವೋ ರೂಪಿಸಿದ ಆಟಗಳನ್ನು ಇಂಡೀ ಎನ್ನುತ್ತಾರೆ. ಕಳೆದ ಎರಡು ದಶಕಗಳಲ್ಲಿ ಪ್ಲಾಟ್‌ಫಾರ್ಮರ್‌ನ ಅತ್ಯುತ್ತಮ ಕೆಲಸ ನಡೆದಿರುವುದು ಬಹುಪಾಲು ಇಂಥ ಸಣ್ಣ ಕೈಗಳಿಂದಲೇ.

ಅವಳಿ ನಗರಕ್ಕೆ ಈ ಪ್ರಕಾರ ಹೊಸದೇನಲ್ಲ. ಶಾಲೆಗಳಿಗೆ ಕಂಪ್ಯೂಟರ್ ಕೋಣೆಗಳು ಬಂದ ಕಾಲದಲ್ಲಿ, ದೇಶದ ಎಷ್ಟೋ ಊರುಗಳಲ್ಲಿ ಆದಂತೆ ಇಲ್ಲಿಯೂ, ಮಾಸ್ತರರು ಹೊರಗೆ ಹೋದ ಕೂಡಲೇ ತೆರೆದುಕೊಳ್ಳುತ್ತಿದ್ದ ಆಟ ‘ಡೇಂಜರಸ್ ಡೇವ್’. ಅಮೆರಿಕದ ಜಾನ್ ರೊಮೆರೊ 1988ರಲ್ಲಿ ಬರೆದ ಈ ಆಟದಲ್ಲಿ ಕಪ್ಪನ್ನು ಎತ್ತಿಕೊಳ್ಳದೆ ಬಾಗಿಲು ದಾಟುವಂತಿರಲಿಲ್ಲ, ಮತ್ತು ಡೇವ್ ಪರದೆಯ ಅಂಚಿಗೆ ಬಂದಾಗ ಮಾತ್ರ ದೃಶ್ಯ ಒಮ್ಮೆಲೇ ಮುಂದಕ್ಕೆ ಸರಿಯುತ್ತಿತ್ತು. ಹಾಗಾಗಲು ಕಾರಣವಿತ್ತು: ಟಿವಿಗೆ ಜೋಡಿಸುವ ಜಪಾನಿನ ಆಟದ ಯಂತ್ರಗಳಂತೆ ಹಿನ್ನೆಲೆಯನ್ನು ನಯವಾಗಿ ಜಾರಿಸುವ ಶಕ್ತಿ ಅಂದಿನ ಪಿಸಿಗೆ ಇರಲಿಲ್ಲ. 1990ರಲ್ಲಿ ರೊಮೆರೊ ಅವರ ಸಹೋದ್ಯೋಗಿಗಳಾದ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಒಂದೇ ರಾತ್ರಿಯಲ್ಲಿ, ಮಾರಿಯೋ ಆಟದ ಹಂತವೊಂದರಲ್ಲಿ ಇದೇ ಡೇವ್‌ನನ್ನು ಓಡಿಸಿ, ಪಿಸಿಯಲ್ಲಿಯೂ ಆ ಜಾರಿಕೆ ಸಾಧ್ಯವೆಂದು ತೋರಿಸಿದರು. ಮುಂದೆ ‘ಡೂಮ್’ ಎಂಬ ಆಟವನ್ನು ತಯಾರಿಸಿದ ಐಡಿ ಸಾಫ್ಟ್‌ವೇರ್ ಹುಟ್ಟಿದ್ದು ಆ ರಾತ್ರಿಯ ಕೆಲಸದಿಂದ. ಅಂದು ಕದ್ದು ಆಡಿದ ಹುಡುಗರಿಗೆ ಇದು ತಿಳಿದಿರಲಿಕ್ಕಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಆಡುವುದು ಒಂದು, ಸವಿಯುವುದು ಇನ್ನೊಂದು. ಧಾರವಾಡದಲ್ಲಿ ಖಯಾಲ್ ಕೇಳಲು ಹೊಸದಾಗಿ ಬಂದವರಿಗೆ ಬಲ್ಲವರು ರಾಗಲಕ್ಷಣವನ್ನು ವಿವರಿಸಲು ಹೋಗುವುದಿಲ್ಲ. ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಗಾಯಕರು ಹೇಗೆ ಬಂದು ಸೇರುತ್ತಾರೆ ಎಂಬುದನ್ನಷ್ಟೇ ಗಮನಿಸಲು ಹೇಳುತ್ತಾರೆ. ಪ್ಲಾಟ್‌ಫಾರ್ಮರ್‌ನಲ್ಲಿ ಹಾಗೆ ಮೊದಲು ಹಿಡಿಯಬೇಕಾದದ್ದು ಜಿಗಿತ. ಪಾತ್ರ ನೆಲ ಬಿಡುವುದಕ್ಕೆ ಎಷ್ಟು ಹೊತ್ತು ಬೇಕು, ಗಾಳಿಯಲ್ಲಿರುವಾಗ ದಿಕ್ಕು ಬದಲಿಸಬಹುದೇ, ಇಳಿಯುವಾಗ ಭಾರ ತಿಳಿಯುತ್ತದೆಯೇ ಎಂಬುದನ್ನು ಕೈಬೆರಳಿನಿಂದಲೇ ಅರಿಯಬೇಕು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿದರೆ ಜಿಗಿತ ಎತ್ತರವಾಗುತ್ತದೆ, ಗಾಳಿಯಲ್ಲಿಯೂ ಪಾತ್ರ ಆಟಗಾರನ ಮಾತು ಕೇಳುತ್ತದೆ. 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ದಲ್ಲಿ ಇದರ ತದ್ವಿರುದ್ಧ: ಜಾರ್ಡನ್ ಮೆಕ್ನರ್ ತಮ್ಮ ಸಹೋದರನ ಓಟವನ್ನು ಚಿತ್ರೀಕರಿಸಿ ಅದರ ಮೇಲೆಯೇ ಗೆರೆ ಎಳೆದು ರಾಜಕುಮಾರನ ಚಲನೆಯನ್ನು ರೂಪಿಸಿದ್ದರಿಂದ, ಅವನು ಒಮ್ಮೆ ಹೆಜ್ಜೆ ಎತ್ತಿದರೆ ಆ ಹೆಜ್ಜೆ ಮುಗಿಯುವವರೆಗೆ ಆಟಗಾರ ಕಾಯಲೇಬೇಕು. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಮಾರಿಯೋದ ಜಿಗಿತದಲ್ಲಿ ಲವಲವಿಕೆಯಿದೆ, ರಾಜಕುಮಾರನ ಜಿಗಿತದಲ್ಲಿ ಭಯವಿದೆ.

ಜಿಗಿತದ ಒಳಗುಟ್ಟನ್ನು ಹತ್ತಿರದಿಂದ ನೋಡಲು 2018ರ ಜನವರಿಯಲ್ಲಿ ಬಂದ ‘ಸೆಲೆಸ್ಟ್’ಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರಿ ಮುಂದಾಳುತನದ ಸಣ್ಣ ತಂಡ ರೂಪಿಸಿದ ಈ ಆಟದಲ್ಲಿ ಮ್ಯಾಡಲಿನ್ ಎಂಬ ಯುವತಿ ತನ್ನ ಆತಂಕದ ಕಾಯಿಲೆಯನ್ನೂ ಹೊತ್ತುಕೊಂಡು ಪರ್ವತವನ್ನು ಏರುತ್ತಾಳೆ. ಕಟ್ಟೆಯ ಅಂಚನ್ನು ದಾಟಿದ ಮೇಲೆಯೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಅವಳಿಗೆ ಜಿಗಿಯುವ ಅವಕಾಶವಿರುತ್ತದೆ. ಕಣಿವೆಯ ಮೇಲೆ ಕಾಲಾಡಿಸುತ್ತಲೇ ಕ್ಷಣಕಾಲ ನಿಲ್ಲುವ ಕಾರ್ಟೂನ್ ಪ್ರಾಣಿಯ ಹೆಸರಿನಿಂದ ಇದನ್ನು ‘ಕಯೋಟಿ ಟೈಮ್’ ಎನ್ನುತ್ತಾರೆ. ನೆಲ ಮುಟ್ಟುವ ಮೊದಲೇ ಒತ್ತಿದ ಗುಂಡಿಯನ್ನು ಆಟ ನೆನಪಿಟ್ಟುಕೊಂಡು, ನೆಲ ಮುಟ್ಟಿದೊಡನೆ ಜಿಗಿಸುತ್ತದೆ. ಮೇಲೇರುವಾಗ ತಲೆ ಮೂಲೆಯೊಂದಕ್ಕೆ ತುಸುವೇ ತಗುಲಿದರೆ ಪಾತ್ರವನ್ನು ಕೆಲವು ಪಿಕ್ಸೆಲ್, ಅಂದರೆ ಪರದೆಯ ಅತಿ ಸಣ್ಣ ಚುಕ್ಕೆಗಳಷ್ಟು, ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಎಂಟು ದಿಕ್ಕುಗಳಲ್ಲಿ ಯಾವುದಕ್ಕಾದರೂ ಸರ್ರನೆ ನುಗ್ಗುವ ಶಕ್ತಿ ಅವಳಿಗಿದ್ದು, ಅದನ್ನು ಬಳಸಿದ ಕೂಡಲೇ ಕೆಂಪು ಕೂದಲು ನೀಲಿಗೆ ತಿರುಗುತ್ತದೆ, ನೆಲ ಮುಟ್ಟಿದರೆ ಮತ್ತೆ ಕೆಂಪಾಗುತ್ತದೆ. ಆ ಶಕ್ತಿ ಉಳಿದಿದೆಯೇ ಎಂಬ ಲೆಕ್ಕ ತೋರಿಸಲು ಬೇರೆ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ. ಕಠಿಣವೆಂದು ಹೆಸರಾದ ಆಟವೊಂದು ಒಳಗೊಳಗೆ ಇಷ್ಟು ಉದಾರವಾಗಿರುವುದನ್ನು ಕಂಡುಕೊಂಡವರಿಗೆ, ಸೋತಾಗ ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳಲು ಮನಸ್ಸು ಬರುವುದು ಏಕೆಂಬುದು ತಿಳಿಯುತ್ತದೆ.

ಜಿಗಿತ ಕೈಗೆ ಹತ್ತಿದ ಮೇಲೆ ನೋಡಬೇಕಾದದ್ದು ಹಂತದ ರಚನೆ, ಅಂದರೆ ಕಟ್ಟೆ, ಕಂದಕ, ಶತ್ರುಗಳನ್ನು ಹೂಡಿದ ಕ್ರಮ. ಮಾರಿಯೋದ ಮೊದಲ ಪರದೆಯಲ್ಲಿ ಒಂದಕ್ಷರದ ಸೂಚನೆಯೂ ಇಲ್ಲ. ಪಾತ್ರ ಎಡಗಡೆ ನಿಂತು ಬಲಕ್ಕೆ ಮುಖ ಮಾಡಿರುವುದರಿಂದ ಹೋಗಬೇಕಾದ ದಿಕ್ಕು ತಿಳಿಯುತ್ತದೆ. ಎದುರಿನಿಂದ ಬರುವ ಅಣಬೆಯಾಕಾರದ ಶತ್ರುವನ್ನು ಮುಟ್ಟಿದರೆ ಸಾವು ಎಂಬುದು ಒಂದೇ ಸಲಕ್ಕೆ ಮನದಟ್ಟಾಗುತ್ತದೆ. ಅನಂತರ ಪೆಟ್ಟಿಗೆಯಿಂದ ಹೊರಬರುವ ನಿಜವಾದ ಅಣಬೆ ಕೊಳವೆಗೆ ಬಡಿದು ಆಟಗಾರನತ್ತಲೇ ತಿರುಗಿ ಬರುತ್ತದೆ, ಹೆದರಿ ಜಿಗಿದವರ ತಲೆ ಮೇಲಿನ ಇಟ್ಟಿಗೆಗೆ ತಾಗಿ ಅವರು ಅದರ ಮೇಲೆಯೇ ಬೀಳುವ ಸಂಭವವೇ ಹೆಚ್ಚು, ಮತ್ತು ಹಾಗೆ ಮುಟ್ಟಿದಾಗ ಪಾತ್ರ ದೊಡ್ಡದಾಗುವುದರಿಂದ ಇದು ಒಳ್ಳೆಯ ವಸ್ತು ಎಂಬ ಪಾಠ ತಾನಾಗಿಯೇ ಆಗಿಬಿಡುತ್ತದೆ. ಹಂತದ ರಚನೆ ಗಟ್ಟಿಯಾಗಿದ್ದರೆ ಜಿಗಿತವೂ ಬೇಕಿಲ್ಲ: ಟೆರಿ ಕ್ಯಾವನಾ ಅವರ ‘ವಿವಿವಿವಿವಿವಿ’ (2010) ಜಿಗಿತವನ್ನೇ ಕಿತ್ತುಹಾಕಿ, ಗುರುತ್ವವನ್ನು ತಲೆಕೆಳಗು ಮಾಡುವ ಒಂದೇ ಗುಂಡಿಯಿಂದ ಇಡೀ ಆಟವನ್ನು ಕಟ್ಟಿತು.

ಮೂರನೆಯ ಸಂಗತಿ ಸೋಲು. ಡೇವ್‌ನ ಕಾಲದ ಆಟಗಳಲ್ಲಿ ಮೂರೋ ನಾಲ್ಕೋ ಜೀವಗಳಿದ್ದು, ಅವು ಮುಗಿದರೆ ಮೊದಲಿನಿಂದ ಆರಂಭಿಸಬೇಕಾಗಿತ್ತು. ನಾಣ್ಯ ಹಾಕಿ ಆಡುವ ಅಂಗಡಿಯ ಯಂತ್ರಗಳಿಂದ ಬಂದ ರೂಢಿ ಅದು. ‘ಸೂಪರ್ ಮೀಟ್ ಬಾಯ್’ (2010) ಸತ್ತ ಕ್ಷಣದಲ್ಲೇ ಪಾತ್ರವನ್ನು ಮತ್ತೆ ನಿಲ್ಲಿಸುತ್ತದೆ, ಮತ್ತು ಹಂತ ಗೆದ್ದ ಬಳಿಕ ಅಲ್ಲಿಯವರೆಗಿನ ಎಲ್ಲ ಯತ್ನಗಳನ್ನೂ ಒಟ್ಟಿಗೆ ಓಡಿಸಿ ತೋರಿಸುತ್ತದೆ. ಒಂದು ದಂಡೇ ಹೊರಟು, ಗರಗಸಗಳಿಗೆ ಸಿಕ್ಕು ಕರಗಿ, ಕೊನೆಗೆ ಒಬ್ಬನೇ ಉಳಿಯುವ ಆ ದೃಶ್ಯ ಈ ಪ್ರಕಾರದ ಅಪ್ಪಟ ಹಾಸ್ಯ.

ಕಥೆ ಮತ್ತು ಚಿತ್ರಕ್ಕೆ ಕೊನೆಯ ಸ್ಥಾನ ಸಾಕು, ಹೊಗಳಿಕೆ ಅವಕ್ಕೇ ಹೆಚ್ಚು ಸಿಗುತ್ತಿದ್ದರೂ. ಜೊನಾಥನ್ ಬ್ಲೋ ಅವರ ‘ಬ್ರೇಡ್’ (2008) ಕಾಲವನ್ನು ಹಿಂದಕ್ಕೆ ತಿರುಗಿಸುವ ಒಗಟುಗಳಲ್ಲಿ ಅದ್ಭುತ, ನಡುನಡುವೆ ಓದಿಸುವ ಗದ್ಯದಲ್ಲಿ ಭಾರ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ಪೂರ್ತಿ ಪ್ಲಾಟ್‌ಫಾರ್ಮರ್ ಅಲ್ಲದಿದ್ದರೂ ಏರುವ, ಜಿಗಿಯುವ ಭಾಗಗಳು ಅದರಲ್ಲಿ ಸಾಕಷ್ಟಿವೆ. ಕಥಾಭಾಗವನ್ನು ಅದು ನೆರಳು ಬೊಂಬೆಗಳ ಮೂಲಕ ಹೇಳುವುದರಿಂದ ತೊಗಲು ಗೊಂಬೆಯಾಟ ಕಂಡ ಕನ್ನಡಿಗರಿಗೆ ಬೇಗ ಹತ್ತಿರವಾಗುತ್ತದೆ. ಆದರೆ ಕಣ್ಣಿಗೆ ಸಿಕ್ಕಷ್ಟು ಸುಖ ಕೈಗೆ ಸಿಗುವುದಿಲ್ಲ ಎಂಬುದನ್ನು, ನಮ್ಮ ದೇಶದ ಆಟವೆಂಬ ಅಭಿಮಾನವನ್ನು ಬದಿಗಿಟ್ಟು, ಹೇಳಲೇಬೇಕು. ಆಸ್ಟ್ರೇಲಿಯಾದ ಟೀಮ್ ಚೆರಿಯ ‘ಹಾಲೋ ನೈಟ್’ (2017) ಮಹಾಕೃತಿಯೇ ಸರಿ. ಅದರ ವಿಸ್ತಾರದಲ್ಲಿ ಹೊಸಬರು ದಾರಿ ತಪ್ಪಿ ಬಿಟ್ಟೇಬಿಡುವ ಸಂಭವ ಹೆಚ್ಚಿರುವುದರಿಂದ ಆರಂಭಕ್ಕೆ ತಕ್ಕುದಲ್ಲ.

ಸಲಕರಣೆಯ ವಿಷಯದಲ್ಲಿ ಒಂದು ಮಾತು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಚಿಗರಿ ಬಸ್ಸಿನಲ್ಲಿ ನಿಂತು ಮೊಬೈಲಿನಲ್ಲಿ ಇಂಥ ಆಟವಾಡಲು ಹೊರಟವರಿಗೆ ಸಿಗುವುದು ಸಿಟ್ಟು ಮಾತ್ರ, ಏಕೆಂದರೆ ಗಾಜಿನ ಮೇಲೆ ಗುಂಡಿಯ ಅಂಚು ಬೆರಳಿಗೆ ತಿಳಿಯುವುದಿಲ್ಲ. ಮೊಬೈಲಿಗೆ ‘ಸೂಪರ್ ಮಾರಿಯೋ ರನ್’ನಂಥ, ಒಂದೇ ಹೆಬ್ಬೆರಳಿನ ಆಟಗಳು ಸರಿ; ಉಳಿದವಕ್ಕೆ ಕೀಬೋರ್ಡ್ ಅಥವಾ ಕಂಟ್ರೋಲರ್ ಬೇಕು.

ಭಾಷೆಯ ತೊಡಕೂ ಇದೆ. 2012ರಷ್ಟು ಹಿಂದೆಯೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿಯೊಂದನ್ನು ಪ್ರಕಟಿಸಿದ ರಾಜ್ಯ ಕರ್ನಾಟಕ. ಆದರೂ ಇಲ್ಲಿ ಹೆಸರಿಸಿದ ಆಟಗಳಲ್ಲಿ ಹೆಚ್ಚಿನವು ಕನ್ನಡದ ಪಠ್ಯದೊಡನೆ ಬಂದಿಲ್ಲ. ಇಂಗ್ಲಿಷ್ ತೊಡಕೆನಿಸುವವರು ಡೆನ್ಮಾರ್ಕಿನ ‘ಲಿಂಬೋ’ವನ್ನು (2010) ಆರಿಸಿಕೊಳ್ಳಬಹುದು, ಕಪ್ಪು-ಬಿಳುಪಿನ ಆ ಕಾಡಿನಲ್ಲಿ ಮಾತೇ ಇಲ್ಲ. ಒಂದು ರೂಪಾಯಿಯನ್ನೂ ಖರ್ಚು ಮಾಡದೆ ತೊಡಗಬೇಕೆನ್ನುವವರಿಗೆ ‘ಸೆಲೆಸ್ಟ್’ನ ಮೂಲರೂಪವೇ ಇದೆ: ಥಾರ್ಸನ್ ಮತ್ತು ಬೆರಿ 2015ರಲ್ಲಿ ನಾಲ್ಕೇ ದಿನಗಳಲ್ಲಿ, ಹದಿನಾರು ಬಣ್ಣಗಳ ಮಿತಿಯಲ್ಲಿ ಮಾಡಿದ ಆ ಪುಟ್ಟ ಆಟ ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತದೆ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮತ್ತು ಅದಕ್ಕೆ ಬೇಕಾದದ್ದು ಬಾಣದ ಕೀಲಿಗಳ ಜೊತೆಗೆ ಇನ್ನೆರಡೇ ಕೀಲಿಗಳು.