ಸೊಲ್ಲು ಹಿಡಿಸಿದ ಹಾಡುಗಾರ

ಪೀಟ್ ಸೀಗರ್ (1919–2014) ಅವರ ಹಾಡುಗಳನ್ನು ಕಾರಿನಲ್ಲಿ ಒಬ್ಬನೇ ಕೂತು ಕೇಳಿದರೆ ನನಗೆ ಅಷ್ಟಾಗಿ ರುಚಿಸುವುದಿಲ್ಲ. ಧ್ವನಿ ತೆಳು, ಧಾಟಿ ಸರಳ, ಮಾತು ನೇರ. ಆದರೆ 1963ರ ಕಾರ್ನೆಗಿ ಹಾಲ್ ಕಛೇರಿಯ ಧ್ವನಿಮುದ್ರಣ ಹಾಕಿ ನೋಡಿ. ಸಾಲು ಬರುವ ಮೊದಲೇ ಅದನ್ನು ಮಾತಿನಲ್ಲಿ ಹೇಳಿಕೊಡುತ್ತಾರೆ. ಸಭೆ ಅದನ್ನು ಎತ್ತಿಕೊಳ್ಳುತ್ತದೆ. ತಾವು ಹಿಂದೆ ಸರಿಯುತ್ತಾರೆ. ನಮ್ಮ ನೀಲಗಾರರ ಮೇಳದಲ್ಲಿ ಸೊಲ್ಲು ಹಿಡಿಯಲು ಹಿಮ್ಮೇಳದವರಿರುತ್ತಾರೆ. ಸೀಗರ್ ಮೇಳದಲ್ಲಿ ಆ ಕೆಲಸ ಕೇಳುಗರದು. ಅವರ ಹಾಡು ಬೇಕೆಂದೇ ಅರ್ಧ ಖಾಲಿ ಬಿಟ್ಟ ಹಾಡು.

ಈ ಕಲೆಗೆ ಒಂದು ಅಪಾಯವಿದೆ. ಒಟ್ಟಾಗಿ ಹಾಡಿದವರಿಗೆ ತಾವೆಲ್ಲ ಒಳ್ಳೆಯವರು, ತಪ್ಪೆಲ್ಲ ಹೊರಗಿನವರದು ಎನಿಸಿಬಿಡುತ್ತದೆ. ಬಹಳಷ್ಟು ಹೋರಾಟದ ಹಾಡುಗಳು ಸೊರಗುವುದು ಇಲ್ಲಿಯೇ. ಸೀಗರ್ ಈ ಬಲೆಯಿಂದ ಪಾರಾದದ್ದು ಹಡ್ಸನ್ ನದಿಯ ಹಾಡಿನಲ್ಲಿ ಎಂದು ನನ್ನ ಅನಿಸಿಕೆ. 1966ರ ‘ಗಾಡ್ ಬ್ಲೆಸ್ ದ ಗ್ರಾಸ್’ ಸಂಗ್ರಹದಲ್ಲಿರುವ ‘ಮೈ ಡರ್ಟಿ ಸ್ಟ್ರೀಮ್’ ನದಿಯ ಜೊತೆಗೇ ಕೆಳಗಿಳಿಯುತ್ತದೆ. ಮೇಲಿನ ಊರಿನ ಕಾಗದದ ಕಾರ್ಖಾನೆ ಅಲ್ಲಿದೆ; ಅದರಲ್ಲಿ ದುಡಿಯುವವರು ಪ್ರಾಮಾಣಿಕರು ಎನ್ನುವ ಗೌರವವೂ ಇದೆ. ಕೆಳಗೆ ಬಂದರೆ ಲಕ್ಷಾಂತರ ಮನೆಗಳ ಶೌಚದ ನೀರು. ಹಾಡುವವನ ಮನೆಯೂ ಆ ಲೆಕ್ಕದಿಂದ ಹೊರಗಿಲ್ಲ. ಕೊನೆಯಲ್ಲಿ ಭರವಸೆಯಿದೆ, ಆದರೆ ಈ ವರ್ಷವೇ ನದಿ ತಿಳಿಯಾಗುತ್ತದೆಂಬ ಸುಳ್ಳು ಆಶ್ವಾಸನೆಯಿಲ್ಲ.

ಅದೇ ವರ್ಷ ಅವರೂ ಪತ್ನಿ ತೋಶಿಯೂ ಗೆಳೆಯರೊಂದಿಗೆ ಸೇರಿ, ಹಳೆಯ ಕಾಲದ ಮಾದರಿಯಲ್ಲಿ ಹಾಯಿಹಡಗೊಂದನ್ನು ಕಟ್ಟಿಸಲು ಹೊರಟರು. 106 ಅಡಿ ಉದ್ದದ ‘ಕ್ಲಿಯರ್‌ವಾಟರ್’ 1969ರಲ್ಲಿ ನೀರಿಗಿಳಿಯಿತು. ಅದರ ಹಾಯಿ ಏರಬೇಕಾದರೆ ಪ್ರಯಾಣಿಕರೇ ಹಗ್ಗ ಎಳೆಯಬೇಕು. ಶಾಲೆಯ ಮಕ್ಕಳು ಸಾಲಾಗಿ ನಿಂತು ಎಳೆಯುತ್ತಾರೆ, ಬಲೆ ಹಾಕಿ ನದಿಯ ಮೀನು ನೋಡುತ್ತಾರೆ. ಸೀಗರ್ ಕಟ್ಟಿದ ಹಾಡುಗಳಲ್ಲಿ ಶ್ರೇಷ್ಠವಾದದ್ದು ಯಾವುದೆಂದು ಕೇಳಿದರೆ ನಾನು ಈ ಹಡಗನ್ನೇ ತೋರಿಸುತ್ತೇನೆ. ಇದೂ ಇನ್ನೊಬ್ಬರು ಕೈಹಾಕದೆ ಪೂರ್ತಿಯಾಗದ ರಚನೆ.

ಹಾಡು ನದಿಯನ್ನು ತೊಳೆಯಿತೇ? ಇಲ್ಲ. 1972ರ ಶುದ್ಧ ನೀರಿನ ಕಾಯಿದೆ ಬೇಕಾಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳು 1977ರವರೆಗೆ ಮೂರು ದಶಕ ಹರಿಯಬಿಟ್ಟ ಪಿಸಿಬಿ ವಿಷದ ಹೂಳೆತ್ತುವ ಕೆಲಸ ಶುರುವಾದದ್ದೇ 2009ರಲ್ಲಿ. ಆ ಮೀನು ತಿನ್ನುವ ಬಗ್ಗೆ ಇಂದಿಗೂ ಎಚ್ಚರಿಕೆಯಿದೆ. ಕಾನೂನು, ವಕೀಲರು, ವಿಜ್ಞಾನಿಗಳು ಮಾಡುವ ಕೆಲಸವನ್ನು ಬ್ಯಾಂಜೊ ಮಾಡಲಾರದು. ಆದರೆ ಜನರು ಬೆನ್ನು ತಿರುಗಿಸಿದ್ದ ನದಿಯತ್ತ ಅವರ ಮುಖ ತಿರುಗಿಸುವ ಕೆಲಸವನ್ನು ಕಾನೂನು ಮಾಡಲಾರದು. ಸೀಗರ್ ಮಾಡಿದ್ದು ಅದು.

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮಗೆ ಇದರಲ್ಲೊಂದು ಪ್ರಶ್ನೆಯಿದೆ. ನಮ್ಮ ಸಂಘದ ವೇದಿಕೆಗಳಲ್ಲಿ ಕಾವೇರಿ, ತುಂಗೆಯರ ಮೇಲೆ ಕಣ್ಣು ತುಂಬಿ ಹಾಡುತ್ತೇವೆ. ದಿನವೂ ದಾಟುವ ಹಡ್ಸನ್ ಮಾತ್ರ ಸೇತುವೆಯ ಟೋಲು, ಸುರಂಗದ ಟ್ರಾಫಿಕ್ಕು. ತವರಿನ ನದಿಯನ್ನು ನೆನೆಯುವುದು ಪ್ರೀತಿ, ನಿಜ. ಅದಕ್ಕೆ ಯಾವ ಹೊಣೆಯನ್ನೂ ಹೊರಬೇಕಿಲ್ಲ ಎನ್ನುವುದೂ ನಿಜ. ಸೀಗರ್ ಹಾಡಿದ್ದು ತಮ್ಮ ಮನೆಯ ಕೊಳೆ ಸೇರುತ್ತಿದ್ದ ನದಿಯನ್ನು. ಅಂಥ ಹಾಡೊಂದು ಕನ್ನಡದಲ್ಲಿ, ಈ ದಡದಿಂದ, ಇನ್ನೂ ಹುಟ್ಟಬೇಕಾಗಿದೆ.