ತವರಿನ ಎದುರಾಳಿ: ಹಳೆಯ ತಂಡದ ಮುಂದೆ ನಿಂತ ಆಟಗಾರನನ್ನು ನೋಡುವ ಬಗೆ

ಒಂದು ತಂಡದಲ್ಲಿ ಆಡಿ ಹೆಸರು ಮಾಡಿದ ಆಟಗಾರನು ಬೇರೊಂದು ತಂಡದ ಅಂಗಿ ತೊಟ್ಟು, ಹಳೆಯ ತಂಡಕ್ಕೆ ಎದುರಾಳಿಯಾಗಿ, ಅದರಲ್ಲೂ ಆ ತಂಡದ್ದೇ ಮೈದಾನಕ್ಕೆ ಬಂದು ಆಡುವ ಪಂದ್ಯವನ್ನು ಕ್ರೀಡೆಯೊಳಗಿನ ಪ್ರತ್ಯೇಕ ಪ್ರಕಾರವೊಂದೆಂದು ಪರಿಗಣಿಸಲು ಸಾಕಷ್ಟು ಕಾರಣಗಳಿವೆ. ನಿಯಮ, ಅವಧಿ, ಅಂಕಗಳ ಲೆಕ್ಕ ಎಲ್ಲವೂ ಉಳಿದ ಪಂದ್ಯಗಳಂತೆಯೇ ಇದ್ದರೂ, ನೋಡುವವರಿಗೆ ಗೊತ್ತಿರುವ ಹಿಂದಿನ ಕಥೆಯೊಂದು ಪ್ರತಿಯೊಂದು ಎಸೆತಕ್ಕೂ ಪ್ರತಿಯೊಂದು ಒದೆತಕ್ಕೂ ಅಂಟಿಕೊಂಡು ಬರುತ್ತದೆ; ಆ ಕಥೆ ತಿಳಿಯದವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಪಂದ್ಯವಷ್ಟೇ. ಇಂಥ ಪಂದ್ಯಗಳಿಗೆ ಪತ್ರಿಕೆಗಳು ‘ಸೇಡಿನ ಸಮರ’ ಎಂಬ ಸಿದ್ಧ ತಲೆಬರಹ ಕೊಟ್ಟು ಕೈತೊಳೆದುಕೊಳ್ಳುವುದುಂಟು. ಸೇಡಿಗೆ ಪರಿಚಯ ಬೇಕಿಲ್ಲ, ಹಗೆಯೊಂದಿದ್ದರೆ ಸಾಕು. ಈ ಪ್ರಕಾರದ ಸ್ವಾರಸ್ಯವಾದರೋ ಎದುರಾಳಿಗಳಿಬ್ಬರೂ ಒಬ್ಬರನ್ನೊಬ್ಬರು ಒಳಗಿನಿಂದ ಬಲ್ಲವರಾಗಿರುವುದರಲ್ಲಿದೆ. ಆದ್ದರಿಂದ ಹೊಸ ರಸಿಕನು ಮೊದಲು ಆ ತಲೆಬರಹವನ್ನು ಮರೆಯುವುದು ಲೇಸು.

ಕನ್ನಡದ ಕ್ರೀಡಾ ಬರವಣಿಗೆಯಲ್ಲಿ ಆತಿಥೇಯ ತಂಡದ ಮೈದಾನಕ್ಕೆ ‘ತವರು ನೆಲ’, ‘ತವರಿನಂಗಳ’ ಎಂಬ ಮಾತುಗಳು ಬಳಕೆಯಲ್ಲಿವೆ. ಪದದ ಮೂಲವನ್ನು ನೋಡಿದರೆ ಈ ಬಳಕೆ ಕೊಂಚ ಸಡಿಲವಾದದ್ದೇ. ಹುಟ್ಟಿದ ಮನೆಯಲ್ಲೇ ಇರುವ ಮಗಳು ಆ ಮನೆಯನ್ನು ತವರು ಎನ್ನುವುದಿಲ್ಲ. ಮದುವೆಯಾಗಿ ಹೊಸಿಲು ದಾಟಿದ ಮೇಲಷ್ಟೇ ಅದು ತವರಾಗುತ್ತದೆ. ಹಾಗೆ ನೋಡಿದರೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಆ ಊರಿನ ಕ್ರಿಕೆಟ್ ತಂಡವಾದ ಆರ್‌ಸಿಬಿಗೆ ಮನೆ. ಅದು ತವರಾಗುವುದು ಅಲ್ಲಿಂದ ಹೊರಟುಹೋಗಿ ಬೇರೆ ಅಂಗಿಯಲ್ಲಿ ಮರಳಿದವನಿಗೆ ಮಾತ್ರ. ತವರಿಗೆ ಬಂದವಳನ್ನು ಜಗಲಿಯಲ್ಲಿ ಕೂರಿಸುವುದೋ ಒಳಕೋಣೆಗೆ ಕರೆದೊಯ್ಯುವುದೋ ಎಂಬ ಸಣ್ಣ ಗೊಂದಲ ಅಂಥ ಮನೆಗಳಲ್ಲಿ ಇರುವಂತೆ, ಇಂಥ ಪಂದ್ಯಗಳ ಗ್ಯಾಲರಿಗಳಲ್ಲೂ ಇರುತ್ತದೆ.

ಕರಾವಳಿಯ ಯಕ್ಷಗಾನ ಪ್ರೇಕ್ಷಕರಿಗೆ ಈ ಪ್ರಕಾರದ ರುಚಿಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡಿ ತೋರಿಸುವ ಪೈಪೋಟಿಯ ಆಟಕ್ಕೆ ಜೋಡಾಟವೆನ್ನುತ್ತಾರೆ. ಮೇಳವೊಂದು ವರ್ಷದಲ್ಲಿ ಊರೂರು ಸುತ್ತುವ ಅವಧಿಗೆ ತಿರುಗಾಟವೆಂದು ಹೆಸರು. ಕಳೆದ ತಿರುಗಾಟದವರೆಗೆ ಆ ಬದಿಯ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಬಣ್ಣ ಹಚ್ಚುತ್ತಿದ್ದ ವೇಷಧಾರಿ ಈ ವರ್ಷ ಈ ಬದಿಯಿಂದ ರಂಗಕ್ಕೆ ಬಂದರೆ, ಜನರು ಅವನ ಕುಣಿತದ ಜೊತೆಗೆ ಎದುರು ಮೇಳದ ಭಾಗವತರ ಮುಖವನ್ನೂ ಗಮನಿಸುತ್ತಾರೆ. ಆ ಎರಡನೆಯ ನೋಟವೇ ಇಲ್ಲಿ ಕಲಿಯಬೇಕಾದದ್ದು.

ಪಂದ್ಯಕ್ಕೆ ಕುಳಿತುಕೊಳ್ಳುವ ಮುನ್ನ ಆಟಗಾರನು ಹೋದ ಬಗೆಯನ್ನು ತಿಳಿದಿರಬೇಕು. ತಾನಾಗಿ ಹೋದವನಿಗೂ ಕಳಿಸಲ್ಪಟ್ಟವನಿಗೂ ಸಿಗುವ ಸ್ವಾಗತ ಒಂದೇ ಅಲ್ಲ. ಪೋರ್ಚುಗಲ್‌ನ ಫುಟ್‌ಬಾಲ್ ಆಟಗಾರ ಲೂಯಿಸ್ ಫಿಗೊ 2000ದಲ್ಲಿ ಬಾರ್ಸಿಲೋನಾವನ್ನು ಬಿಟ್ಟು ಅದರ ಬದ್ಧ ಪ್ರತಿಸ್ಪರ್ಧಿ ರಿಯಲ್ ಮ್ಯಾಡ್ರಿಡ್‌ಗೆ, ಆ ಕಾಲಕ್ಕೆ ವಿಶ್ವದಾಖಲೆಯಾಗಿದ್ದ ಮೊತ್ತಕ್ಕೆ ಹೋದದ್ದು ಮೊದಲನೆಯ ಬಗೆಗೆ ಉದಾಹರಣೆ. ಭಾರತದ ಕ್ರಿಕೆಟ್ ಲೀಗ್ ಐಪಿಎಲ್‌ನಲ್ಲಿ ವಿಷಯ ಇಷ್ಟು ನೇರವಾಗಿಲ್ಲ. ಅಲ್ಲಿ ತಂಡಗಳು ಕೆಲವರನ್ನು ಉಳಿಸಿಕೊಂಡು ಉಳಿದವರನ್ನು ಹರಾಜಿಗೆ ಬಿಡುತ್ತವೆ. ಹರಾಜಿನಲ್ಲಿ ಬೇರೆ ತಂಡ ಕೂಗಿದ ಬೆಲೆಯನ್ನೇ ಕೊಟ್ಟು ತಮ್ಮ ಹಿಂದಿನ ಆಟಗಾರನನ್ನು ಮರಳಿ ಪಡೆಯುವ ‘ರೈಟ್ ಟು ಮ್ಯಾಚ್’ ಎಂಬ ಹಕ್ಕೂ ಕೆಲವು ಹರಾಜುಗಳಲ್ಲಿ ಇರುತ್ತದೆ. ಹೀಗಾಗಿ ಯಾರು ಯಾರನ್ನು ಬಿಟ್ಟರು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ, ಆ ಅಸ್ಪಷ್ಟತೆಯೇ ಪಂದ್ಯದ ದಿನ ಗ್ಯಾಲರಿಯ ಕೂಗಿನಲ್ಲಿ ಇಬ್ಬಂದಿಯಾಗಿ ಕೇಳಿಸುತ್ತದೆ. ಎರಡನೆಯ ಬಗೆಗೆ ಕ್ರಿಸ್ ಗೇಲ್ ಅವರದು ತಕ್ಕ ನಿದರ್ಶನ: 2011ರ ಹರಾಜಿನಲ್ಲಿ ಹಿಂದಿನ ತಂಡ ಕೋಲ್ಕತ್ತವೂ ಸೇರಿದಂತೆ ಯಾರಿಗೂ ಬೇಡವಾಗಿದ್ದ ಅವರು, ಗಾಯಗೊಂಡ ಡರ್ಕ್ ನ್ಯಾನೆಸ್ ಬದಲಿಗೆ ಆರ್‌ಸಿಬಿ ಸೇರಿ, ಏಪ್ರಿಲ್ 22ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲೇ 55 ಎಸೆತಗಳಲ್ಲಿ ಅಜೇಯ 102 ರನ್ ಹೊಡೆದರು.

ಹೋದ ಬಗೆ ತಿಳಿದ ಮೇಲೆ ಗ್ಯಾಲರಿಯ ಕಡೆಗೆ ಕಿವಿಗೊಡಬೇಕು. ಈ ಪ್ರಕಾರದಲ್ಲಿ ಪ್ರೇಕ್ಷಕರೂ ಪಾತ್ರಧಾರಿಗಳೇ. 2002ರ ನವೆಂಬರ್ 23ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನದಲ್ಲಿ ಫಿಗೊ ಕಾರ್ನರ್ ಒದೆಯಲು ಮೂಲೆಗೆ ನಡೆದರು. ಮೈದಾನದ ಮೂಲೆಯಲ್ಲಿ ಚೆಂಡಿಟ್ಟು ಒದೆಯುವ ಈ ಅವಕಾಶವು ಆಟಗಾರನನ್ನು ಜನರ ತೀರ ಹತ್ತಿರಕ್ಕೆ, ಬೆನ್ನು ಅವರ ಕಡೆಗಿರುವಂತೆ, ತಂದು ನಿಲ್ಲಿಸುತ್ತದೆ. ಬಾಟಲಿಗಳು ಬಿದ್ದವು, ನಾಣ್ಯಗಳು ಬಿದ್ದವು, ಹಂದಿಯ ತಲೆಯೂ ಬಂದು ಬಿತ್ತು. ಫಿಗೊ ಅವಸರಪಡದೆ ಕಾಲ ಬಳಿಯ ಬಾಟಲಿಗಳನ್ನು ಎತ್ತಿ ಬದಿಗಿಡುತ್ತ ನಿಂತರು. ರೆಫರಿ ಆಟವನ್ನು ಕೆಲಹೊತ್ತು ನಿಲ್ಲಿಸಿದರು, ಪಂದ್ಯ ಗೋಲಿಲ್ಲದೆ ಮುಗಿಯಿತು. ಹಾಗೆ ಎಸೆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಬಾಟಲಿಗಳನ್ನು ಎತ್ತಿಡುವ ನಿಧಾನವನ್ನು ನೋಡದೆ ಅಂಕಪಟ್ಟಿಯ ಎರಡು ಸೊನ್ನೆಗಳನ್ನು ಮಾತ್ರ ಓದಿದವರು ಆ ಸಂಜೆಯ ಆಟವನ್ನು ನೋಡಿದ್ದಾರೆಂದು ಹೇಳಲಾಗದು.

ಪರಿಚಯವೆಂಬುದು ಆಟದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಮೊಹಮ್ಮದ್ ಸಿರಾಜ್ ಅವರ 2025ರ ಏಪ್ರಿಲ್ 2ರ ಬೌಲಿಂಗ್ ಸಾಕು. ಏಳು ಋತುಗಳನ್ನು ಆರ್‌ಸಿಬಿಯಲ್ಲಿ ಕಳೆದ ಸಿರಾಜ್ ಅವರನ್ನು ತಂಡ ಉಳಿಸಿಕೊಂಡಿರಲಿಲ್ಲ. ಗುಜರಾತ್ ಟೈಟನ್ಸ್ ಅವರನ್ನು 12.25 ಕೋಟಿ ರೂಪಾಯಿಗೆ ಕೊಂಡಿತ್ತು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೌಂಡರಿಗಳು ಹತ್ತಿರ, ಊರು ಎತ್ತರದಲ್ಲಿರುವುದರಿಂದ ಚೆಂಡು ದೂರ ಹಾರುತ್ತದೆ, ಹಾಗಾಗಿ ಅದು ಬೌಲರ್‌ಗಳು ಇಷ್ಟಪಡುವ ಜಾಗವಲ್ಲ. ಆ ಜಾಗದ ಕಷ್ಟವನ್ನು ಅಲ್ಲೇ ನಿಂತು ಉಂಡವರು ಸಿರಾಜ್. ಆರ್‌ಸಿಬಿಯ ಫಿಲ್ ಸಾಲ್ಟ್ ಅವರು ಒಂದು ಎಸೆತವನ್ನು ಭಾರೀ ಸಿಕ್ಸರ್‌ಗೆ ಎತ್ತಿದ ಮರುಗಳಿಗೆಯಲ್ಲೇ, ಮುಂದಿನ ಎಸೆತದಲ್ಲಿ, ಗೂಟ ಉರುಳಿತು. ಹೊಸಬನು ಸಿಕ್ಸರಿನ ದೂರವನ್ನು ನೆನಪಿಟ್ಟುಕೊಳ್ಳುತ್ತಾನೆ, ಪಳಗಿದ ರಸಿಕನು ಸಿಕ್ಸರಿಗೂ ಗೂಟಕ್ಕೂ ನಡುವೆ ಬೌಲರ್ ತನ್ನ ಗುರುತಿಗೆ ಮರಳಿ ನಡೆದ ಆ ಹೆಜ್ಜೆಗಳನ್ನು. ನಾಲ್ಕು ಓವರ್‌ಗಳಲ್ಲಿ 19 ರನ್ನಿಗೆ 3 ವಿಕೆಟ್ ಪಡೆದು ಸಿರಾಜ್ ಪಂದ್ಯಶ್ರೇಷ್ಠರಾದರು.

ಎಂಟೇ ದಿನಗಳ ನಂತರ, ಏಪ್ರಿಲ್ 10ರಂದು, ಅದೇ ಮೈದಾನದಲ್ಲಿ ಈ ಪ್ರಕಾರದ ಇನ್ನೂ ಸಂಕೀರ್ಣವಾದ ಪ್ರಯೋಗವೊಂದು ನಡೆಯಿತು. ಬೆಂಗಳೂರಿನಲ್ಲಿ ಹುಟ್ಟಿ, ಕರಾವಳಿಯ ಸುರತ್ಕಲ್ಲಿನಲ್ಲಿ ಬೆಳೆದು, ಕರ್ನಾಟಕ ತಂಡದ ಮೂಲಕ ಮೇಲೆ ಬಂದ ಕೆ.ಎಲ್. ರಾಹುಲ್ 2013ರಲ್ಲೂ 2016ರಲ್ಲೂ ಆರ್‌ಸಿಬಿ ಪರ ಆಡಿದ್ದವರು. ಪಂಜಾಬ್ ಆಟಗಾರರಾಗಿಯೂ ಲಖನೌ ನಾಯಕರಾಗಿಯೂ ಈ ಮೊದಲೇ ಎದುರಾಳಿಯಾಗಿ ಇಲ್ಲಿಗೆ ಬಂದಿದ್ದರು, ಈ ಸಲ ಡೆಲ್ಲಿ ಕ್ಯಾಪಿಟಲ್ಸ್ ಅಂಗಿಯಲ್ಲಿದ್ದರು. ಇಲ್ಲಿ ಎರಡು ತವರುಗಳು ಒಂದರ ಮೇಲೊಂದು ಕೂತಿವೆ ಎಂಬುದನ್ನು ಗಮನಿಸಬೇಕು. ತಂಡ ಆರ್‌ಸಿಬಿಯದು, ಮೈದಾನ ಕರ್ನಾಟಕ ಕ್ರಿಕೆಟ್‌ನದು. ಆಟಗಾರ ಮೊದಲನೆಯದಕ್ಕೆ ಹೊರಗಿನವ, ಎರಡನೆಯದಕ್ಕೆ ಮನೆಯವ. ಗ್ಯಾಲರಿಯಲ್ಲಿ ಕೆಂಪು ಅಂಗಿ ತೊಟ್ಟು ಕುಳಿತ ಕನ್ನಡಿಗನೊಬ್ಬನು ಯಾರ ಕಡೆ ಎಂಬ ಪ್ರಶ್ನೆಗೆ ಆ ಸಂಜೆ ಅವನಲ್ಲೇ ಉತ್ತರವಿದ್ದಿರಲಾರದು.

ಆರ್‌ಸಿಬಿ 163 ರನ್ ಗಳಿಸಿತ್ತು. ಆ 20 ಓವರ್‌ಗಳನ್ನು ರಾಹುಲ್ ವಿಕೆಟ್ ಕೀಪರ್ ಆಗಿ ಗೂಟಗಳ ಹಿಂದೆ ಕಳೆದಿದ್ದರು, ಪಿಚ್‌ನಲ್ಲಿ ಚೆಂಡು ಒಮ್ಮೆ ನಿಂತು ಒಮ್ಮೆ ನುಗ್ಗಿ ಬರುತ್ತಿದ್ದುದನ್ನು ಅಲ್ಲಿಂದಲೇ ಓದಿಕೊಂಡಿದ್ದು ನೆರವಾಯಿತೆಂದು ಅವರೇ ಪಂದ್ಯದ ನಂತರ ಹೇಳಿದರು. ಡೆಲ್ಲಿ 58 ರನ್ ಆಗುವಷ್ಟರಲ್ಲಿ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ರಾಹುಲ್ ಕೂಡ 5 ರನ್ ಗಳಿಸಿದ್ದಾಗ ಆರ್‌ಸಿಬಿ ನಾಯಕ ರಜತ್ ಪಾಟೀದಾರ್ ಕ್ಯಾಚ್ ಕೈಚೆಲ್ಲಿದ್ದರಿಂದ ಉಳಿದುಕೊಂಡಿದ್ದರು. ಅಲ್ಲಿಂದ ಮುಂದೆ ಅವರು ಆಡಿದ ರೀತಿಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಒಂದು ಎರಡು ರನ್ನುಗಳ ಸಾಲು, ಬಾಡಿಗೆಮನೆಯಲ್ಲಿ ಮೊಳೆ ಹೊಡೆಯಲು ಹಿಂಜರಿಯುವವನ ಎಚ್ಚರ. ಹನಿಮಳೆ ಉದುರಲು ತೊಡಗಿದ ಮೇಲೆ, 15ನೆಯ ಓವರಿನಲ್ಲಿ ಜೋಶ್ ಹೇಜಲ್‌ವುಡ್ ಎದುರು, ಕೈ ಬಿಚ್ಚಿತು. ಆ ಒಂದೇ ಓವರಿನಲ್ಲಿ 22 ರನ್ ಬಂದವು. ಟ್ರಿಸ್ಟನ್ ಸ್ಟಬ್ಸ್ ಜೊತೆಗೆ ಮುರಿಯದ 111 ರನ್ನುಗಳ ಜೊತೆಯಾಟ ಕಟ್ಟಿ, 53 ಎಸೆತಗಳಲ್ಲಿ ಅಜೇಯ 93ಕ್ಕೆ ತಲುಪಿ, ಸಿಕ್ಸರ್ ಮೂಲಕವೇ ರಾಹುಲ್ ಪಂದ್ಯ ಮುಗಿಸಿದರು.

ಆಮೇಲೆ ನಡೆದದ್ದು ಕೆಲವೇ ಕ್ಷಣಗಳ ಕ್ರಿಯೆ. ಬ್ಯಾಟಿನ ತುದಿಯಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿ, ಇದು ತನ್ನ ಜಾಗವೆಂದು ಸನ್ನೆಯಲ್ಲಿ ತೋರಿಸಿದರು. 2022ರ ‘ಕಾಂತಾರ’ ಚಿತ್ರದಿಂದ ಆ ಭಂಗಿ ಬಂದದ್ದೆಂದು ಆನಂತರ ಅವರೇ ತಿಳಿಸಿದರು. ದೈವ ಮತ್ತು ನೆಲದ ಹಕ್ಕಿನ ಸುತ್ತ ಹೆಣೆದ ತುಳುನಾಡಿನ ಕಥೆ ಅದು. ಅಲ್ಲೇ ಬೆಳೆದವನು ಬೆಂಗಳೂರಿನ ನೆಲದ ಮೇಲೆ ಆ ಗೆರೆ ಎಳೆದದ್ದು, ಬೇರೆ ಯಾವ ಊರಿನ ಪ್ರೇಕ್ಷಕರಿಗೂ ಟಿಪ್ಪಣಿಯಿಲ್ಲದೆ ತಿಳಿಯದ ಮಾತು. ಕಾವ್ಯಮೀಮಾಂಸೆಯಲ್ಲಿ ಒಳಗಿನ ಭಾವವು ದೇಹದ ಮೇಲೆ ತೋರುವ ಕುರುಹಿಗೆ ಅನುಭಾವವೆನ್ನುತ್ತಾರೆ (ವಚನಕಾರರ ಅನುಭಾವ ಬೇರೆ). ಆಟಗಾರರ ಅನುಭಾವಗಳಲ್ಲಿ ಇಷ್ಟು ಸ್ಥಳೀಯವಾದದ್ದು, ಇಷ್ಟು ಸ್ಪಷ್ಟವಾದದ್ದು ಅಪರೂಪ. ಅದು ಅಹಂಕಾರವೆಂದು ಮುನಿದವರೂ ಇರಬಹುದು; ಮನೆಯವನಲ್ಲದೆ ಮತ್ತಾರೂ ಅಂಥ ಹಕ್ಕನ್ನು ಚಲಾಯಿಸಲಾರರು ಎಂಬುದು ಅದಕ್ಕೆ ಉತ್ತರ. ಅದೇ ತಿಂಗಳ 27ರಂದು ದೆಹಲಿಯಲ್ಲಿ ಆರ್‌ಸಿಬಿ ಗೆದ್ದಾಗ ವಿರಾಟ್ ಕೊಹ್ಲಿ ರಾಹುಲ್ ಮುಂದೆ ನಿಂತು ಅದೇ ವೃತ್ತವನ್ನು ಅಣಕಿಸಿ ತೋರಿಸಿದರು, ಇಬ್ಬರೂ ನಕ್ಕರು.

ಇದಕ್ಕೆ ತದ್ವಿರುದ್ಧವಾದ ಅನುಭಾವವೂ ಈ ಪ್ರಕಾರದಲ್ಲಿ ಇದೆ: ಗೆದ್ದೂ ಸಂಭ್ರಮಿಸದಿರುವುದು. 1974ರ ಏಪ್ರಿಲ್ 27ರಂದು ಮ್ಯಾಂಚೆಸ್ಟರ್ ಯುನೈಟೆಡ್ ಮೈದಾನವಾದ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಪರ ಆಡುತ್ತಿದ್ದ ಡೆನಿಸ್ ಲಾ, ತಾವು ಹನ್ನೊಂದು ವರ್ಷ ಆಡಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಹಿಮ್ಮಡಿಯಿಂದ ಗೋಲು ಹೊಡೆದರು; ತಲೆ ತಗ್ಗಿಸಿ ಹಾಗೇ ನಡೆದರು, ಬೆನ್ನು ತಟ್ಟಲು ಬಂದವರ ಕಡೆ ನೋಡಲೂ ಇಲ್ಲ. ಯುನೈಟೆಡ್ ಆ ದಿನ ಕೆಳದರ್ಜೆಗೆ ಇಳಿಯಿತು. ಬೇರೆ ಪಂದ್ಯದ ಫಲಿತಾಂಶದಿಂದಾಗಿ ಆ ಗೋಲು ಬರದಿದ್ದರೂ ಇಳಿಯುತ್ತಿತ್ತು. 2000ದ ನವೆಂಬರ್ 26ರಂದು ರೋಮಾ ಪರ ತಮ್ಮ ಹಳೆಯ ತಂಡ ಫಿಯೊರೆಂಟೀನಾ ವಿರುದ್ಧ ಗೋಲು ಹೊಡೆದ ಗೇಬ್ರಿಯಲ್ ಬಟಿಸ್ಟುಟಾ ಅತ್ತೇಬಿಟ್ಟರು. ವಿರಾಟಪರ್ವದ ಗೋಗ್ರಹಣದಲ್ಲಿ ಅರ್ಜುನನು ಯುದ್ಧಕ್ಕೆ ಮುನ್ನ ದ್ರೋಣರ ಪಾದಗಳ ಬಳಿ ಬಾಣಗಳನ್ನು ಬಿಟ್ಟು ನಮಸ್ಕರಿಸುವ ಕಥೆ ಕೇಳಿ ಬೆಳೆದವರಿಗೆ ಈ ಮೌನದ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಇತ್ತೀಚೆಗೆ ಹಳೆಯ ತಂಡದಲ್ಲಿ ಒಂದೆರಡು ಋತು ಕಳೆದವರೂ ಕೈಯೆತ್ತಿ ಕ್ಷಮೆ ಕೇಳುವ ಅಭ್ಯಾಸ ಬೆಳೆದಿದೆ, ಅಂಥವನ್ನು ಲಾ ಅವರ ತಗ್ಗಿದ ತಲೆಯೊಂದಿಗೆ ಹೋಲಿಸಬಾರದು.

ಟಿವಿಯಲ್ಲಿ ನೋಡುವವರಿಗೆ ಈ ಪ್ರಕಾರ ಅರ್ಧ ಮಾತ್ರ ದಕ್ಕುತ್ತದೆ, ಏಕೆಂದರೆ ಓವರ್ ಮುಗಿದು ಹಳೆಯ ಗೆಳೆಯರು ಎದುರುಬದುರಾಗಿ ಹಾದುಹೋಗುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬರುತ್ತದೆ. ಸಾಧ್ಯವಾದರೆ ಮೈದಾನಕ್ಕೇ ಹೋಗಬೇಕು, ಟಾಸ್‌ಗಿಂತ ಮೊದಲೇ ಹೋಗಬೇಕು. ಅಭ್ಯಾಸದ ವೇಳೆಯಲ್ಲಿ ಮರಳಿ ಬಂದವನು ಯಾರನ್ನು ಅಪ್ಪಿಕೊಂಡ, ಯಾರಿಗೆ ಬರೀ ಕೈ ಕುಲುಕಿದ ಎಂಬಲ್ಲೇ ಪೂರ್ವರಂಗ ಮುಗಿದಿರುತ್ತದೆ.

ಮರಳಿ ಬಂದವನು ಸೋಲುವ ಪಂದ್ಯಗಳನ್ನು ಯಾರೂ ಮತ್ತೆ ಮತ್ತೆ ತೋರಿಸುವುದಿಲ್ಲವಾದರೂ ರಸಿಕನು ಅವನ್ನೂ ಬಿಡಬಾರದು. ಕರ್ನಾಟಕ ತಂಡದಿಂದ ಹೊರಬಿದ್ದು ವಿದರ್ಭ ಸೇರಿದ ಕರುಣ್ ನಾಯರ್, 2024ರ ಫೆಬ್ರುವರಿಯ ರಣಜಿ ಕ್ವಾರ್ಟರ್ ಫೈನಲ್‌ನಲ್ಲಿ ಕರ್ನಾಟಕದ ಎದುರೇ 90 ರನ್ ಗಳಿಸಿದ್ದರು, ವಿದರ್ಭ ಗೆದ್ದಿತ್ತು. ಮರುವರ್ಷದ ವಿಜಯ್ ಹಜಾರೆ ಟ್ರೋಫಿಯಲ್ಲಿ ಅವರು 752 ರನ್ ಪೇರಿಸಿ ವಿದರ್ಭವನ್ನು ಫೈನಲ್‌ಗೆ ತಂದರು, ಅಲ್ಲಿ ಮತ್ತೆ ಎದುರಾದದ್ದು ಕರ್ನಾಟಕ. 2025ರ ಜನವರಿ 18ರಂದು ವಡೋದರದಲ್ಲಿ ಕರ್ನಾಟಕದ ಬೌಲರ್ ಪ್ರಸಿದ್ಧ್ ಕೃಷ್ಣ ಅವರ ಎಸೆತಕ್ಕೆ ಕರುಣ್ 27 ರನ್ನಿಗೆ ಬೌಲ್ಡ್ ಆದರು, ಕರ್ನಾಟಕ 36 ರನ್ನುಗಳಿಂದ ಗೆದ್ದು ಟ್ರೋಫಿ ಎತ್ತಿತು. ಆಗ ಸುತ್ತ ಸಂಭ್ರಮಿಸುತ್ತಿದ್ದವರಲ್ಲಿ ಹಲವರು ಅವರ ಜೊತೆಯಲ್ಲೇ ಆಡಿದ್ದವರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕರುಣ್ ಕರ್ನಾಟಕ ತಂಡಕ್ಕೆ ಮರಳಿದ್ದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174 ರನ್ ಗಳಿಸಿದರು.